ಒಬ್ಬನೇ ಬಂದ, ಒಬ್ಬನೇ ಕೊಂದ ಎನ್ನುವ ಮಾತು

2012ರ ಆಗಸ್ಟ್ 5, ಭಾನುವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್ ಎಂಬ ಊರಿನ ಗುರುದ್ವಾರ. ಹೆಂಗಸರು ಬೆಳಿಗ್ಗೆಯಿಂದಲೇ ಲಂಗರಿನ, ಅಂದರೆ ಬಂದವರಿಗೆಲ್ಲ ಬಡಿಸುವ ಊಟದ, ಅಡುಗೆಗೆ ಕೈ ಹಾಕಿದ್ದರು. ಪ್ರಾರ್ಥನೆಗೆ ಜನ ಒಬ್ಬೊಬ್ಬರಾಗಿ ಬರುತ್ತಿದ್ದರು. ಹತ್ತೂವರೆಯ ಹೊತ್ತಿಗೆ ಒಬ್ಬ ಬಂದ, ಪಿಸ್ತೂಲು ತೆಗೆದ, ಕಂಡವರ ಮೇಲೆ ಗುಂಡು ಹಾರಿಸತೊಡಗಿದ. ಹೊರಗಿದ್ದ ಇಬ್ಬರು ಮಕ್ಕಳು ಒಳಗೆ ಓಡಿ ಬಂದು ಸುದ್ದಿ ಮುಟ್ಟಿಸಿದರು. ಅಡುಗೆಮನೆಯಲ್ಲಿದ್ದವರು ಪಕ್ಕದ ಉಗ್ರಾಣಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡರು.

ಗುರುದ್ವಾರದ ಅಧ್ಯಕ್ಷ ಸತ್ವಂತ್ ಸಿಂಗ್ ಕಾಲೇಕಾ ಅವರಿಗೆ ಆಗ 65 ವರ್ಷ. ಕೈಗೆ ಸಿಕ್ಕ ಸಣ್ಣ ಚಾಕು ಹಿಡಿದು ಅವನನ್ನು ತಡೆಯಲು ಹೋದರು, ಪ್ರಾಣ ಬಿಟ್ಟರು. ಅವರೂ ಸೇರಿ ಆರು ಜನ ಅವತ್ತೇ ಸತ್ತರು. ತಲೆಗೆ ಗುಂಡು ಬಿದ್ದ ಒಬ್ಬ ಗ್ರಂಥಿ (ಗುರು ಗ್ರಂಥ ಓದುವ ಪುರೋಹಿತರು) ಏಳು ವರ್ಷಕ್ಕೂ ಜಾಸ್ತಿ ಕಾಲ ಹಾಸಿಗೆಯಲ್ಲೇ ಇದ್ದರು. ಮಾತಿಲ್ಲ, ಕೈಕಾಲು ಆಡುತ್ತಿರಲಿಲ್ಲ. ಕಣ್ಣು ಮಿಟುಕಿಸಿ ಮನೆಯವರಿಗೆ ಉತ್ತರ ಹೇಳುತ್ತಿದ್ದರು. 2020ರ ಮಾರ್ಚ್‌ನಲ್ಲಿ ಅವರೂ ತೀರಿಕೊಂಡರು.

ಕೊಂದವನು ಹಳೆಯ ಸೈನಿಕ. ಬಿಳಿಯರೇ ಶ್ರೇಷ್ಠ ಎಂದು ಹಾಡುವ ಬ್ಯಾಂಡುಗಳಲ್ಲಿ ವರ್ಷಗಟ್ಟಲೆ ಗಿಟಾರ್ ಹಿಡಿದವನು. ಪೊಲೀಸರ ಗುಂಡು ತಗುಲಿ ಬಿದ್ದ ಮೇಲೆ ತಾನೇ ಗುಂಡು ಹಾರಿಸಿಕೊಂಡು ಸತ್ತ. ಎಫ್‌ಬಿಐ ಕೆಲವು ತಿಂಗಳು ತನಿಖೆ ನಡೆಸಿತು. ಯಾವ ಗುಂಪೂ ಅವನನ್ನು ಕಳಿಸಿರಲಿಲ್ಲ, ಬೇರೆ ಯಾರ ಕೈವಾಡವೂ ಕಾಣಲಿಲ್ಲ, ಅವನ ಉದ್ದೇಶ ಇಂಥದ್ದೇ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ ಎಂದು ಹೇಳಿ ಕಡತ ಮುಚ್ಚಿತು.

ಒಬ್ಬನೇ ಬಂದ, ಒಬ್ಬನೇ ಕೊಂದ. ಅಮೆರಿಕದ ರಾಜಕೀಯ ಹಿಂಸೆಯ ಸುದ್ದಿ ಬಂದಾಗಲೆಲ್ಲ ಈ ಮಾತು ಕೇಳಿಸುತ್ತದೆ. ಮಾತು ಸುಳ್ಳಲ್ಲ. ಗುಂಡು ಹಾರಿಸಿದ ಕೈ ಒಂದೇ. ಆದರೆ ಹೀಗೆ ಒಬ್ಬನೇ ಬರುವುದು ಕಾಕತಾಳೀಯವಲ್ಲ. ನಲವತ್ತು ವರ್ಷದ ಹಿಂದೆ ಕೆಲವರು ಕೂತು ಯೋಚಿಸಿ ಮಾಡಿಕೊಂಡ ದಾರಿ ಅದು. ಆ ಕಥೆ ತಿಳಿಯದಿದ್ದರೆ ಇವತ್ತಿನ ಸುದ್ದಿ ಅರ್ಥವಾಗುವುದು ಕಷ್ಟ.

1981ರಲ್ಲಿ ಅಲಬಾಮಾದ ಮೊಬೀಲ್ ಊರಿನಲ್ಲಿ ಬಿಳಿಯರೇ ಶ್ರೇಷ್ಠ ಎನ್ನುವ ಹಳೆಯ ಸಂಘಟನೆ ಕು ಕ್ಲಕ್ಸ್ ಕ್ಲಾನಿನವರು 19 ವರ್ಷದ ಒಬ್ಬ ಕಪ್ಪು ಹುಡುಗನನ್ನು ಹಿಡಿದು ಕೊಂದು, ಹೆಣವನ್ನು ಮರಕ್ಕೆ ಕಟ್ಟಿದರು. ಅವನು ಯಾರಿಗೂ ಏನೂ ಮಾಡಿರಲಿಲ್ಲ. ಕೊಂದವರಿಗೆ ಶಿಕ್ಷೆ ಆಯಿತು. ಹುಡುಗನ ತಾಯಿ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕೊಂದವರ ಹಿಂದೆ ಇದ್ದ ಸಂಘಟನೆಯ ಮೇಲೇ ಸಿವಿಲ್ ದಾವೆ ಹೂಡಿದರು. 1987ರಲ್ಲಿ ಜ್ಯೂರಿ ಎಪ್ಪತ್ತು ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಸಂಘಟನೆಯ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅವರ ಮುಖ್ಯ ಕಚೇರಿಯ ಕಟ್ಟಡವನ್ನೇ ಆ ತಾಯಿಗೆ ಬರೆದುಕೊಡಬೇಕಾಯಿತು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಆಕೆ ತನಗೊಂದು ಮನೆ ತೆಗೆದುಕೊಂಡರು. ಈ ಪ್ರಕರಣ ಓದಿದಾಗಲೆಲ್ಲ ಆ ತಾಯಿಯ ಎದುರು ಕೈ ಮುಗಿಯಬೇಕು ಅನಿಸುತ್ತದೆ.

ಇಂಥ ಕೇಸುಗಳಿಂದ ಕ್ಲಾನಿನಂಥವರು ಕಲಿತ ಪಾಠ ಬೇರೆಯೇ. ಸಂಘಟನೆ ಎಂದರೆ ಕಚೇರಿ ಇರುತ್ತದೆ, ಸದಸ್ಯರ ಪಟ್ಟಿ ಇರುತ್ತದೆ, ಬ್ಯಾಂಕ್ ಖಾತೆ ಇರುತ್ತದೆ. ಎಫ್‌ಬಿಐ ತನ್ನ ಮನುಷ್ಯನನ್ನು ಒಳಗೆ ನುಗ್ಗಿಸುತ್ತದೆ, ಕೋರ್ಟು ಆಸ್ತಿ ಕಿತ್ತುಕೊಳ್ಳುತ್ತದೆ. ಹಾಗಾದರೆ ಸಂಘಟನೆಯೇ ಬೇಡ! ಟೆಕ್ಸಸ್ಸಿನ ಕ್ಲಾನ್ ಮುಖಂಡ ಲೂಯಿಸ್ ಬೀಮ್ 1983ರಲ್ಲೇ ಹೀಗೆ ಬರೆದಿದ್ದ. 1992ರಲ್ಲಿ ಅದೇ ಬರಹವನ್ನು ಮತ್ತೆ ಹಂಚಿದ. 'ನಾಯಕನಿಲ್ಲದ ಹೋರಾಟ' ಎನ್ನುವುದು ಅವನು ಹರಡಿದ ಮಾತು. ಯಾರೂ ಯಾರಿಗೂ ಆದೇಶ ಕೊಡುವುದಿಲ್ಲ. ಎಲ್ಲರೂ ಒಂದೇ ಬಗೆಯ ವಿಚಾರ ಓದುತ್ತಾರೆ, ಒಂದೇ ಬಗೆಯ ಸಿಟ್ಟು ಬೆಳೆಸಿಕೊಳ್ಳುತ್ತಾರೆ. ಯಾವಾಗ, ಎಲ್ಲಿ, ಯಾರನ್ನು ಎನ್ನುವುದನ್ನು ಒಬ್ಬೊಬ್ಬನೂ ತಾನೇ ತೀರ್ಮಾನಿಸುತ್ತಾನೆ. ಸಿಕ್ಕಿಬಿದ್ದರೆ ಅವನೊಬ್ಬನೇ ಸಿಕ್ಕಿಬೀಳುತ್ತಾನೆ. ಬರೆದವನ ಕೈಗೆ ರಕ್ತ ಅಂಟುವುದಿಲ್ಲ.

ಇದೇ ಬೀಮ್ 1984ರ ಹೊತ್ತಿಗೆ ಫೋನ್ ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿ ತನ್ನವರಿಗೆ ಸಂದೇಶ ಮುಟ್ಟಿಸುವ ವ್ಯವಸ್ಥೆ ಮಾಡಿದ್ದ. ಆಗಿನ್ನೂ ವೆಬ್ ಹುಟ್ಟಿರಲಿಲ್ಲ. ದ್ವೇಷ ಇಂಟರ್ನೆಟ್ಟಿಗೆ ಆಮೇಲೆ ಬಂದು ಸೇರಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಮೊದಲ ಸಾಲಿನಲ್ಲೇ ಕೂತಿತ್ತು.

1995ರ ಏಪ್ರಿಲ್ 19ರಂದು ಒಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡದ ಎದುರು ಬಾಂಬು ತುಂಬಿದ ಲಾರಿ ಸಿಡಿಯಿತು. 168 ಜನ ಸತ್ತರು. ಅದರಲ್ಲಿ 19 ಮಕ್ಕಳು. ಕಟ್ಟಡದೊಳಗೆ ಶಿಶುವಿಹಾರ ಇತ್ತು. ಮೊದಲ ಕೆಲವು ಗಂಟೆ ಟೀವಿಯವರು ಮಧ್ಯಪ್ರಾಚ್ಯದ ಕಡೆ ಬೆರಳು ತೋರಿಸಿದರು. ಆದರೆ ಆ ಹೊತ್ತಿಗಾಗಲೇ ಕೊಲೆಗಾರ ಪೊಲೀಸರ ಕೈಯಲ್ಲಿದ್ದ. ನಂಬರ್ ಪ್ಲೇಟ್ ಇಲ್ಲದ ಕಾರು ಓಡಿಸುತ್ತಿದ್ದಾನೆ ಎಂದು ಸ್ಫೋಟವಾದ ಒಂದೂವರೆ ಗಂಟೆಯಲ್ಲೇ ಹೆದ್ದಾರಿ ಪೊಲೀಸನೊಬ್ಬ ಅವನನ್ನು ಹಿಡಿದಿದ್ದ. ಟಿಮೋಥಿ ಮೆಕ್‌ವೇ, ಕೊಲ್ಲಿ ಯುದ್ಧದಲ್ಲಿ ಹೋರಾಡಿ ಬಂದ ಅಮೆರಿಕದ ಬಿಳಿಯ ಸೈನಿಕ.

ಅವನ ಸಿಟ್ಟಿಗೆ ಎರಡು ಹೆಸರುಗಳಿದ್ದವು. ಒಂದು ಐಡಾಹೋದ ರೂಬಿ ರಿಡ್ಜ್. ಅಲ್ಲಿ 1992ರಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಪೊಲೀಸರು ಒಂದು ಮನೆಯನ್ನು ಸುತ್ತುವರಿದಾಗ ಮನೆಯೊಡೆಯನ ಹೆಂಡತಿ, ಮಗ, ಒಬ್ಬ ಅಧಿಕಾರಿ ಸತ್ತರು. ಇನ್ನೊಂದು ಟೆಕ್ಸಸ್ಸಿನ ವೇಕೊ. ಅಲ್ಲಿ 1993ರಲ್ಲಿ ಒಂದು ಪಂಥದವರ ಮನೆಗೆ 51 ದಿನ ಮುತ್ತಿಗೆ ಹಾಕಿದ್ದರು. ಕೊನೆಗೆ ಬೆಂಕಿ ಹತ್ತಿ ಎಪ್ಪತ್ತಕ್ಕೂ ಜಾಸ್ತಿ ಜನ ಸತ್ತರು, ಮಕ್ಕಳೂ ಸೇರಿ. ಅದು ಏಪ್ರಿಲ್ 19. ಮೆಕ್‌ವೇ ಎರಡು ವರ್ಷದ ಬಳಿಕ ಅದೇ ದಿನ ಆರಿಸಿಕೊಂಡ. ಸರ್ಕಾರದ ಆ ಎರಡು ತಪ್ಪುಗಳು ನಿಜವಾದ ತಪ್ಪುಗಳೇ. ಉಗ್ರವಾದ ಬೆಳೆಯುವುದು ಬರೀ ಸುಳ್ಳಿನ ಮೇಲಲ್ಲ. ಒಂದು ನಿಜವಾದ ಗಾಯ ಹುಡುಕುತ್ತದೆ, ಅದಕ್ಕೆ ತನ್ನ ಸುಳ್ಳನ್ನು ಹಚ್ಚುತ್ತದೆ. ಇಬ್ಬರು ಸ್ನೇಹಿತರು ಬಿಟ್ಟರೆ ಅವನ ಜೊತೆ ಶಿಕ್ಷೆಯಾದವರು ಯಾರೂ ಇಲ್ಲ. 2001ರ ಜೂನ್‌ನಲ್ಲಿ ಅವನಿಗೆ ಮರಣದಂಡನೆ ಆಯಿತು.

ಮೂರು ತಿಂಗಳಿಗೆ ಸೆಪ್ಟೆಂಬರ್ 11 ಬಂತು. ದೇಶದ ಕಣ್ಣೆಲ್ಲ ಹೊರಗಿನವರ ಮೇಲೆ ತಿರುಗಿತು. ನಾಲ್ಕೇ ದಿನಕ್ಕೆ ಅರಿಜೋನಾದ ಮೆಸಾದಲ್ಲಿ ತನ್ನ ಪೆಟ್ರೋಲ್ ಬಂಕಿನ ಎದುರು ನಿಂತಿದ್ದ ಬಲ್‌ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಒಬ್ಬ ಗುಂಡಿಟ್ಟು ಕೊಂದ. ಪೇಟ ಕಂಡು ಮುಸ್ಲಿಂ ಎಂದುಕೊಂಡನಂತೆ. ಮುಸ್ಲಿಮರಾಗಿದ್ದರೆ ಕೊಲ್ಲಬಹುದಿತ್ತೇ? 'ತಪ್ಪು ತಿಳಿದು ಕೊಂದ' ಎಂದು ಬರೆಯುವಾಗ ನಮ್ಮ ಪತ್ರಿಕೆಗಳೂ ಈ ಪ್ರಶ್ನೆ ಮರೆತುಬಿಡುತ್ತವೆ.

2009ರ ಏಪ್ರಿಲ್‌ನಲ್ಲಿ ಗೃಹಭದ್ರತಾ ಇಲಾಖೆಯ ವಿಶ್ಲೇಷಕ ಡ್ಯಾರಿಲ್ ಜಾನ್ಸನ್ ಅವರ ತಂಡ ಪೊಲೀಸರಿಗಾಗಿ ಒಂದು ಸಣ್ಣ ವರದಿ ಸಿದ್ಧಮಾಡಿತು. ಆರ್ಥಿಕ ಕುಸಿತ ಬಂದಿದೆ, ಮೊದಲ ಕಪ್ಪು ಅಧ್ಯಕ್ಷ ಆಯ್ಕೆಯಾಗಿದ್ದಾರೆ, ಬಲಪಂಥದ ಉಗ್ರರು ಇದನ್ನೇ ಹಿಡಿದು ಜನ ಸೇರಿಸಬಹುದು, ಯುದ್ಧದಿಂದ ಮರಳುವ ಸೈನಿಕರನ್ನು ಸೆಳೆಯಲು ನೋಡಬಹುದು ಎಂದಿತು. ವರದಿ ಹೊರಬಿದ್ದದ್ದೇ ತಡ, ಸೈನಿಕರಿಗೆ ಅವಮಾನ ಎಂದು ಗಲಾಟೆಯಾಯಿತು. ಇಲಾಖೆಯ ಮುಖ್ಯಸ್ಥೆ ಕ್ಷಮೆ ಕೇಳಿದರು, ವರದಿ ವಾಪಸ್ ಹೋಯಿತು, ಆ ತಂಡವೂ ಕರಗಿತು. ಮೂರು ವರ್ಷದ ಮೇಲೆ ಓಕ್ ಕ್ರೀಕ್.

ಕಾನೂನು ಏನು ಮಾಡುತ್ತಿದೆ ಎಂದು ಯಾರಾದರೂ ಕೇಳುತ್ತಾರೆ. ಉತ್ತರ ಸ್ವಲ್ಪ ವಿಚಿತ್ರ. 'ದೇಶದೊಳಗಿನ ಭಯೋತ್ಪಾದನೆ' ಎಂದರೇನು ಎನ್ನುವ ವ್ಯಾಖ್ಯೆ 2001ರಿಂದ ಫೆಡರಲ್ ಕಾನೂನಿನಲ್ಲಿ ಇದೆ. ಆದರೆ ಆ ಹೆಸರಿನಲ್ಲಿ ಕೇಸು ಹಾಕಿ ಶಿಕ್ಷೆ ಕೊಡುವ ಪ್ರತ್ಯೇಕ ಅಪರಾಧವೇ ಇಲ್ಲ. ಅಲ್ ಖೈದಾಕ್ಕೆ ಹತ್ತು ಡಾಲರ್ ಕಳಿಸಿದರೂ ಜೈಲು. ಏಕೆಂದರೆ ಅದು ವಿದೇಶಿ ಉಗ್ರ ಸಂಘಟನೆಗಳ ಪಟ್ಟಿಯಲ್ಲಿದೆ. ದೇಶದೊಳಗಿನ ಗುಂಪುಗಳಿಗೆ ಅಂಥ ಪಟ್ಟಿ ಇಲ್ಲ. ಮೆಕ್‌ವೇಗೆ ಶಿಕ್ಷೆಯಾದದ್ದು ಬಾಂಬು ಮತ್ತು ಕೊಲೆಯ ಆರೋಪದಲ್ಲಿ. 2015ರ ಜೂನ್‌ನಲ್ಲಿ ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಕಪ್ಪು ಜನರನ್ನು ಕೊಂದ ಯುವಕನಿಗೆ ಫೆಡರಲ್ ಕೋರ್ಟಿನಲ್ಲಿ ಶಿಕ್ಷೆಯಾದದ್ದು ದ್ವೇಷಾಪರಾಧಕ್ಕೆ.

ಹಾಗಾದರೆ ಪಟ್ಟಿ ಮಾಡಿಬಿಡಬಹುದಲ್ವಾ? ಅಷ್ಟು ಸುಲಭವಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನನ್ನೇ ಎಫ್‌ಬಿಐ ಕದ್ದು ಕೇಳಿದ ದೇಶ ಅದು. ಚಳವಳಿಗಾರರ ಮೇಲೆ ಎಫ್‌ಬಿಐ ನಡೆಸಿದ ಗುಟ್ಟಿನ ಕಾರ್ಯಾಚರಣೆಗಳು 1971ರಲ್ಲಿ ಬಯಲಾದ ಮೇಲೆ, ಸರ್ಕಾರದ ಕೈಗೆ ಅಂಥ ಪಟ್ಟಿ ಕೊಡಲು ಜನ ಹೆದರುತ್ತಾರೆ. ಆ ಹೆದರಿಕೆಗೆ ಕಾರಣ ಇದೆ. ಇನ್ನೊಂದು ಕಡೆ ಮಾತಿನ ಸ್ವಾತಂತ್ರ್ಯ. ಒಹಾಯೋದ ಒಬ್ಬ ಕ್ಲಾನ್ ಮುಖಂಡನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿ ಒಂದು ಗೆರೆ ಎಳೆಯಿತು. ಹಿಂಸೆ ಸರಿ ಎಂದು ವಾದ ಮಾಡಿದರೆ ಅಪರಾಧವಲ್ಲ. ಈಗಿಂದೀಗಲೇ ಹಿಂಸೆಗೆ ಇಳಿಯುವಂತೆ ಜನರನ್ನು ಎಬ್ಬಿಸುವ ಉದ್ದೇಶ ಇರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ಆಗ ಮಾತ್ರ ಅಪರಾಧ. ಬೀಮ್ ಹೇಳಿದ ದಾರಿ ಈ ಗೆರೆ ದಾಟದೆ ಸುರಕ್ಷಿತವಾಗಿ ನಡೆಯುತ್ತದೆ. ಬರೆದವನು 'ಈಗಲೇ ಹೋಗು' ಎನ್ನುವುದಿಲ್ಲ. ಓದಿದವನು ಆರು ತಿಂಗಳಾದ ಮೇಲೆ ಹೋಗುತ್ತಾನೆ.

2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗಿನ ಯಹೂದಿ ಮಂದಿರದಲ್ಲಿ 11 ಜನ. 2019ರ ಮಾರ್ಚ್‌ನಲ್ಲಿ ದೂರದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಎರಡು ಮಸೀದಿಗಳಲ್ಲಿ 51 ಜನ. ಅದೇ ಆಗಸ್ಟ್‌ನಲ್ಲಿ ಟೆಕ್ಸಸ್ಸಿನ ಎಲ್ ಪಾಸೊ ವಾಲ್‌ಮಾರ್ಟಿನಲ್ಲಿ 23 ಜನ. 2022ರ ಮೇನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ 10 ಜನ. ನಾಲ್ಕು ಊರು, ನಾಲ್ವರು ಕೊಲೆಗಾರರು, ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ತಲೆಯೊಳಗಿದ್ದ ಕಥೆ ಒಂದೇ: ಬಿಳಿಯರನ್ನು ಅಳಿಸಿ ಆ ಜಾಗದಲ್ಲಿ ಬೇರೆ ಬಣ್ಣದವರನ್ನು ತಂದು ತುಂಬುವ ಸಂಚು ನಡೆದಿದೆ ಎಂಬ ಕಥೆ. ಕ್ರೈಸ್ಟ್‌ಚರ್ಚಿನವನು ತನ್ನ ಬರಹಕ್ಕೆ ಆ ಕಥೆಯ ಹೆಸರನ್ನೇ ಇಟ್ಟು, ಕೊಲ್ಲುವುದನ್ನು ನೇರ ಪ್ರಸಾರ ಮಾಡಿದ. ಎಲ್ ಪಾಸೊದವನು ತನ್ನ ಬರಹದಲ್ಲಿ ಅವನನ್ನು ಹೊಗಳಿದ. ಬಫಲೊದವನು ಅವನ ಬರಹದಿಂದ ಪುಟಗಟ್ಟಲೆ ಎತ್ತಿ ಹಾಕಿ, ಅವನಂತೆಯೇ ನೇರ ಪ್ರಸಾರ ಮಾಡಿದ. ಅವನಿಗೆ ಆಗ 18 ವರ್ಷ. ಹೀಗೆ ಒಬ್ಬ ಇನ್ನೊಬ್ಬನಿಗೆ ದಾರಿ ಮಾಡಿಕೊಟ್ಟಿದ್ದಾನೆ. ಇವರನ್ನು ಒಂಟಿ ಎಂದು ಹೇಗೆ ಕರೆಯುವುದು?

ಆ ಕಥೆಯಲ್ಲಿ 'ಬೇರೆ ಬಣ್ಣದವರು' ಎಂದರೆ ನಾವೂ ಹೌದು. 2017ರ ಫೆಬ್ರವರಿಯಲ್ಲಿ ಕನ್ಸಾಸ್ ರಾಜ್ಯದ ಓಲೇತಾದಲ್ಲಿ ಕೆಲಸ ಮುಗಿಸಿ ಬಾರಿನಲ್ಲಿ ಕೂತಿದ್ದ ಇಬ್ಬರು ಭಾರತೀಯ ಎಂಜಿನಿಯರುಗಳ ಮೇಲೆ ಒಬ್ಬ 'ನನ್ನ ದೇಶ ಬಿಟ್ಟು ತೊಲಗಿ' ಎಂದು ಕೂಗುತ್ತ ಗುಂಡು ಹಾರಿಸಿದ. ಅವರು ಇರಾನಿನವರು ಎಂದುಕೊಂಡಿದ್ದನಂತೆ. ಒಬ್ಬ ಯುವಕ ಸತ್ತ, 32 ವರ್ಷ. ತಡೆಯಲು ಹೋದ ಒಬ್ಬ ಬಿಳಿಯ ಯುವಕನಿಗೂ ಗುಂಡು ಬಿತ್ತು. ಆ ವಾರ ಬೆಂಗಳೂರು, ಮೈಸೂರಿನ ಎಷ್ಟು ಮನೆಗಳಿಂದ 'ಹುಷಾರಾಗಿರಪ್ಪಾ, ರಾತ್ರಿ ಹೊರಗೆ ಹೋಗಬೇಡ' ಎಂಬ ಫೋನು ಹೋಗಿರಬಹುದು!

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗೆ. ಕಳೆದ ಮೂವತ್ತು ವರ್ಷದ ಸಾವು ಎಣಿಸಿದರೆ, ಸೆಪ್ಟೆಂಬರ್ 11 ಬಿಟ್ಟು, ಅಮೆರಿಕದಲ್ಲಿ ವಿಚಾರದ ಹೆಸರಿನಲ್ಲಿ ಜಾಸ್ತಿ ಜೀವ ತೆಗೆದವರು ಬಲಪಂಥದ ಉಗ್ರರು. ಅದು ಗಟ್ಟಿ ಮಾತು. ಆದರೆ ಹಿಂಸೆ ಒಂದೇ ಪಂಥದ ಆಸ್ತಿಯಲ್ಲ. 1970ರ ದಶಕದಲ್ಲಿ ಎಡಪಂಥದ ವೆದರ್ ಅಂಡರ್‌ಗ್ರೌಂಡ್ ಗುಂಪು ಸಂಸತ್ ಭವನ, ಪೆಂಟಗನ್ ಎರಡರಲ್ಲೂ ಬಾಂಬಿಟ್ಟಿತ್ತು. 2016ರಲ್ಲಿ ಒರ್ಲ್ಯಾಂಡೊದ ನೈಟ್‌ಕ್ಲಬ್ಬಿನಲ್ಲಿ 49 ಜನರನ್ನು ಕೊಂದವನು ಐಸಿಸ್‌ಗೆ ನಿಷ್ಠೆ ಹೇಳಿಕೊಂಡ. ಅವನೂ ಒಬ್ಬನೇ. 2017ರಲ್ಲಿ ಬೇಸ್‌ಬಾಲ್ ಅಭ್ಯಾಸ ಮಾಡುತ್ತಿದ್ದ ರಿಪಬ್ಲಿಕನ್ ಸಂಸದರ ಮೇಲೆ ಗುಂಡು ಹಾರಿಸಿ ಸ್ಟೀವ್ ಸ್ಕಲೀಸ್ ಅವರನ್ನು ಸಾವಿನಂಚಿಗೆ ತಳ್ಳಿದವನು ಎಡದ ಕಡೆಯವನು. ಅವನೂ ಒಬ್ಬನೇ. ಬೀಮ್ ತನ್ನವರಿಗೆಂದು ತೋರಿಸಿದ ದಾರಿಯಲ್ಲಿ ಈಗ ಯಾರು ಬೇಕಾದರೂ ನಡೆಯುತ್ತಿದ್ದಾರೆ.

ಮತ್ತೆ 2024, 2025. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಅವರ ಕಿವಿಗೆ ಗುಂಡು ತಾಗಿತು, ಸಭೆಗೆ ಬಂದಿದ್ದ ಒಬ್ಬರು ಸತ್ತರು. ಡಿಸೆಂಬರ್‌ನಲ್ಲಿ ಮ್ಯಾನ್‌ಹಟನ್ನಿನ ಬೀದಿಯಲ್ಲಿ ಆರೋಗ್ಯ ವಿಮಾ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಮ್ಸನ್ ಕೊಲೆಯಾದರು. 2025ರ ಜೂನ್‌ನಲ್ಲಿ ಮಿನೆಸೋಟಾದ ಡೆಮಾಕ್ರಟಿಕ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಪೊಲೀಸ್ ವೇಷದಲ್ಲಿ ಬಂದವನೊಬ್ಬ ಮನೆಯಲ್ಲೇ ಕೊಂದ. ಸೆಪ್ಟೆಂಬರ್ 10ರಂದು ಯೂಟಾದ ಕಾಲೇಜಿನ ಅಂಗಳದಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸುತ್ತಿದ್ದ ಬಲಪಂಥದ ಯುವ ಮುಖಂಡ ಚಾರ್ಲಿ ಕರ್ಕ್ ಗುಂಡಿಗೆ ಬಲಿಯಾದರು.

ನನಗೆ ಜಾಸ್ತಿ ಕಳವಳ ತಂದದ್ದು ಕೊಲೆಗಳ ನಂತರದ ಗಂಟೆಗಳು. ಥಾಮ್ಸನ್ ಸತ್ತಾಗ ವಿಮೆಯವರ ಕೈಯಲ್ಲಿ ನೊಂದ ಎಷ್ಟೋ ಜನ ಕೊಲೆಯನ್ನೇ ಮೆಚ್ಚಿದರು, ಆರೋಪಿಯನ್ನು ಹೀರೋ ಮಾಡಿದರು. ಹಾರ್ಟ್‌ಮನ್ ಸತ್ತಾಗ ಕೆಲವರು ಗೇಲಿ ಮಾಡಿದರು. ಕರ್ಕ್ ಸತ್ತಾಗ ಕೆಲವರು ಸಂಭ್ರಮಿಸಿದರು, ಇನ್ನು ಕೆಲವರು ಆರೋಪಿ ಯಾರೆಂದು ತಿಳಿಯುವ ಮೊದಲೇ ಯುದ್ಧದ ಮಾತಾಡಿದರು. ಎಲ್ಲರದೂ ಮೊದಲ ಪ್ರಶ್ನೆ ಒಂದೇ: ಕೊಂದವನು ಅವರ ಕಡೆಯವನೋ, ನಮ್ಮ ಕಡೆಯವನೋ? ಮುಂದಿನ ಕೊಲೆಗಾರ ಇದನ್ನೆಲ್ಲ ನೋಡುತ್ತಿರುತ್ತಾನೆ. ಅವನಿಗೆ ಆದೇಶ ಬೇಕಿಲ್ಲ. ಚಪ್ಪಾಳೆ ಸಿಗುತ್ತದೆ ಎಂದು ಗೊತ್ತಾದರೆ ಸಾಕು.

ದೊಡ್ಡವರ ಮಾತಿಗೆ ಇಲ್ಲಿ ತೂಕ ಜಾಸ್ತಿ. 2021ರ ಜನವರಿ 6ರಂದು ಸಂಸತ್ತಿಗೆ ಟ್ರಂಪ್ ಬೆಂಬಲಿಗರು ನುಗ್ಗಿದಾಗ ಸುಮಾರು 140 ಪೊಲೀಸರು ಗಾಯಗೊಂಡರು. ಪ್ರೌಡ್ ಬಾಯ್ಸ್, ಓತ್ ಕೀಪರ್ಸ್ ಎಂಬ ಬಲಪಂಥದ ಗುಂಪುಗಳ ಮುಖಂಡರಿಗೆ 22 ವರ್ಷ, 18 ವರ್ಷ ಜೈಲಾಯಿತು. ಸಂಘಟನೆಯನ್ನು ಹಿಡಿದು ಕೋರ್ಟಿನಲ್ಲಿ ಸಾಬೀತು ಮಾಡಿದ ಅಪರೂಪದ ಕೆಲಸ ಅದು. 2025ರ ಜನವರಿ 20ರಂದು, ಮತ್ತೆ ಅಧ್ಯಕ್ಷರಾದ ದಿನವೇ, ಟ್ರಂಪ್ ಸುಮಾರು 1,500 ಜನರಿಗೆ ಕ್ಷಮಾದಾನ ಕೊಟ್ಟರು, 14 ಜನರ ಶಿಕ್ಷೆ ಕಡಿತ ಮಾಡಿದರು. ಪೊಲೀಸರಿಗೆ ಹೊಡೆದವರೂ ಅದರಲ್ಲಿ ಇದ್ದರು. ನಮ್ಮವನು ಹೊಡೆದರೆ ದೇಶಭಕ್ತಿ ಎಂಬ ಅರ್ಥವೇ ಅದರಿಂದ ಹೋಗುತ್ತದೆ. ಇದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಅದೇ ಸೆಪ್ಟೆಂಬರ್‌ನಲ್ಲಿ ಫ್ಯಾಸಿಸಂ ವಿರೋಧಿಗಳು ಎಂದುಕೊಳ್ಳುವ ಎಡದವರ ಸಡಿಲ ಬಳಗ ಆ್ಯಂಟಿಫಾವನ್ನು ದೇಶದೊಳಗಿನ ಉಗ್ರ ಸಂಘಟನೆ ಎಂದು ಸಾರುವ ಆದೇಶವೂ ಹೊರಬಿತ್ತು. ಹಾಗೆ ಸಾರಲು ಬೇಕಾದ ಕಾನೂನೇ ಇಲ್ಲ. ಆ್ಯಂಟಿಫಾಕ್ಕೆ ಕಚೇರಿಯೂ ಇಲ್ಲ, ನಾಯಕನೂ ಇಲ್ಲ.

ಸಂಸತ್ತಿನ ಪೊಲೀಸರು ಪರಿಶೀಲಿಸಿದ ಬೆದರಿಕೆ ಮತ್ತು ಅಂಥ ಮಾತುಗಳ ಸಂಖ್ಯೆ 2017ರಲ್ಲಿ 3,939. 2024ರಲ್ಲಿ 9,474. ಮಿಟ್ ರಾಮ್ನಿ ಸೆನೆಟರಾಗಿದ್ದಾಗ ಮನೆಯವರ ರಕ್ಷಣೆಗೆ ದಿನಕ್ಕೆ 5,000 ಡಾಲರ್ ಸ್ವಂತ ಹಣ ಖರ್ಚು ಮಾಡುತ್ತಿದ್ದರು. ಅವರು ಸಿರಿವಂತರು. ಸಣ್ಣ ಊರಿನ ಶಾಲಾ ಸಮಿತಿಯ ಸದಸ್ಯೆ, ಮತ ಎಣಿಸುವ ಗುಮಾಸ್ತೆ ಎಲ್ಲಿಂದ ತರಬೇಕು? ಅಂಥವರು ಸುಮ್ನೆ ರಾಜೀನಾಮೆ ಕೊಟ್ಟು ಮನೆಗೆ ಹೋಗುತ್ತಾರೆ. ಗುಂಡು ಹಾರಿಸದೆಯೂ ಹಿಂಸೆ ಗೆಲ್ಲುವುದು ಹೀಗೆ.

ಹಾಗಿದ್ದರೆ ತಡೆಯುವುದು ಹೇಗೆ? ಒಬ್ಬನೇ ಬರುವವನನ್ನು ಪೊಲೀಸರಿಗಿಂತ ಮೊದಲು ಗುರುತಿಸುವುದು ಮನೆಯವರು, ಮೇಷ್ಟರು, ಜೊತೆಗಾರರು. 1978ರಿಂದ 17 ವರ್ಷ ಅಂಚೆಯಲ್ಲಿ ಬಾಂಬು ಕಳಿಸಿ, ಕೆಲವೊಮ್ಮೆ ತಾನೇ ಇಟ್ಟು, ಮೂವರನ್ನು ಕೊಂದ, 23 ಜನರನ್ನು ಗಾಯಗೊಳಿಸಿದ 'ಯೂನಾಬಾಂಬರ್' ಎಫ್‌ಬಿಐಗೆ ಸಿಕ್ಕಿರಲಿಲ್ಲ. 1995ರಲ್ಲಿ ಪತ್ರಿಕೆಯಲ್ಲಿ ಅವನ ಉದ್ದನೆಯ ಬರಹ ಅಚ್ಚಾಯಿತು. ಅವನ ತಮ್ಮ ಡೇವಿಡ್ ಕಜಿನ್‌ಸ್ಕಿ, ಹೆಂಡತಿ ಹೇಳಿದ ಮೇಲೆ, ಅದನ್ನು ಓದಿದರು. ಅಣ್ಣನ ಮಾತಿನ ವರಸೆ ಗುರುತು ಹಿಡಿದರು. ಹಳೆಯ ಪತ್ರಗಳನ್ನು ತೆಗೆದು ಹೋಲಿಸಿದರು, ಎಫ್‌ಬಿಐಗೆ ತಿಳಿಸಿದರು, ಅಣ್ಣನಿಗೆ ಮರಣದಂಡನೆ ಆಗದಿರಲಿ ಎಂದೂ ಹೋರಾಡಿದರು. ಆ ತಮ್ಮನ ರಾತ್ರಿಗಳು ಹೇಗಿದ್ದಿರಬಹುದು!

ಬಫಲೊದ ಹುಡುಗನದೂ ಗೊತ್ತಾಗಿತ್ತು. ಕೊಲ್ಲುವ ಒಂದು ವರ್ಷ ಮೊದಲು ಶಾಲೆಯಲ್ಲಿ ಮುಂದೇನು ಮಾಡುತ್ತೀಯ ಎಂದು ಕೇಳಿದ್ದಕ್ಕೆ, ಕೊಂದು ಸಾಯುತ್ತೇನೆ ಎಂದು ಬರೆದಿದ್ದ. ಮೇಷ್ಟರು ತಿಳಿಸಿದರು, ಪೊಲೀಸರು ಬಂದರು, ಆಸ್ಪತ್ರೆಗೆ ಕರೆದೊಯ್ದರು. ತಮಾಷೆಗೆ ಬರೆದೆ ಎಂದ. ಬಿಟ್ಟರು. ಅಪಾಯ ಕಂಡರೆ ಬಂದೂಕು ಸಿಗದಂತೆ ಕೋರ್ಟಿನಿಂದ ಆದೇಶ ತರುವ ಕಾನೂನು ನ್ಯೂಯಾರ್ಕಿನಲ್ಲಿ ಇತ್ತು. ಯಾರೂ ಬಳಸಲಿಲ್ಲ. ಅವನು ಅಂಗಡಿಗೆ ಹೋಗಿ ಬಂದೂಕು ಕೊಂಡ. ಜನರಿಗಿಂತ ಬಂದೂಕುಗಳೇ ಜಾಸ್ತಿ ಇರುವ ದೇಶದಲ್ಲಿ ಅದು ಕಷ್ಟದ ಕೆಲಸವಲ್ಲ. ತಲೆಕೆಟ್ಟ ವಿಚಾರ ಬೇರೆ ದೇಶಗಳಲ್ಲೂ ಇದೆ. ಅದು ಇಷ್ಟು ಸಲೀಸಾಗಿ ಹೆಣಗಳ ರಾಶಿಯಾಗುವುದು ಈ ಬಂದೂಕುಗಳಿಂದ.

ಓಕ್ ಕ್ರೀಕ್‌ಗೆ ಮರಳುತ್ತೇನೆ. ಅಂದು ತಾಯಿಯನ್ನು ಕಳೆದುಕೊಂಡ 18 ವರ್ಷದ ಒಬ್ಬ ಹುಡುಗ ಮುಂದಿನ ತಿಂಗಳೇ ಸೆನೆಟ್ ಸಮಿತಿಯ ಎದುರು ಕೂತು ಮಾತಾಡಿದ. ದ್ವೇಷಾಪರಾಧದ ಫಾರಂನಲ್ಲಿ ಸಿಖ್ಖರಿಗೆಂದು ಒಂದು ಕಾಲಂ ಕೂಡ ಇರಲಿಲ್ಲ. ನನ್ನ ಅಮ್ಮನನ್ನು ಲೆಕ್ಕಕ್ಕಾದರೂ ತೆಗೆದುಕೊಳ್ಳಿ ಎನ್ನುವುದು ಅವನ ಬೇಡಿಕೆ. 2015ರಿಂದ ಎಫ್‌ಬಿಐ ಸಿಖ್ಖರು, ಹಿಂದೂಗಳು, ಅರಬರ ಮೇಲಿನ ದ್ವೇಷಾಪರಾಧಗಳನ್ನು ಬೇರೆಯಾಗಿ ಎಣಿಸುತ್ತಿದೆ.

ಚಾಕು ಹಿಡಿದು ಎದುರು ನಿಂತ ಅಧ್ಯಕ್ಷರ ಮಗ ಪರ್‌ದೀಪ್ ಕಾಲೇಕಾ. ಹಿಂದೆ ಪೊಲೀಸ್ ಕೆಲಸದಲ್ಲಿದ್ದವರು, ಆಮೇಲೆ ಮೇಷ್ಟರಾದವರು. ಅಪ್ಪ ಸತ್ತ ಕೆಲವು ತಿಂಗಳಿಗೆ ಅವರು ಆರ್ನೊ ಮಿಖಾಯೆಲಿಸ್ ಎಂಬವರನ್ನು ಹುಡುಕಿ ಭೇಟಿಯಾದರು. ಕೊಲೆಗಾರ ಓಡಾಡುತ್ತಿದ್ದ ವಲಯದ ಒಂದು ಸ್ಕಿನ್‌ಹೆಡ್ (ತಲೆ ಬೋಳಿಸಿಕೊಂಡ ಬಿಳಿಯ ಜನಾಂಗವಾದಿಗಳ) ಗುಂಪನ್ನು ಕಟ್ಟಿದವರಲ್ಲಿ ಆರ್ನೊ ಒಬ್ಬರು. ತಾವೂ ಅಂಥದೇ ಬ್ಯಾಂಡಿನಲ್ಲಿ ಹಾಡಿದವರು. ಪುಟ್ಟ ಮಗಳನ್ನು ಒಬ್ಬರೇ ಸಾಕಬೇಕಾಗಿ ಬಂದಾಗ 1990ರ ದಶಕದಲ್ಲೇ ಅದರಿಂದ ಹೊರಬಂದಿದ್ದರು. ಒಮ್ಮೆ ಒಬ್ಬ ಕಪ್ಪು ಹೆಂಗಸು ಹೋಟೆಲಿನ ಕೌಂಟರಿನಲ್ಲಿ ಅವರ ಬೆರಳಿನ ನಾಜಿ ಸ್ವಸ್ತಿಕದ ಹಚ್ಚೆ ನೋಡಿ, ನೀನು ಇದಲ್ಲ, ಇದಕ್ಕಿಂತ ಒಳ್ಳೆಯವನು ಎಂದಿದ್ದರಂತೆ. ಆ ಮಾತು ಬಿಟ್ಟು ಹೋಗಲಿಲ್ಲ ಎಂದು ಆರ್ನೊ ಹೇಳುತ್ತಾರೆ. ಯಾಕೆ ಕೊಂದ ಎಂದು ಕೇಳಲು ಪರ್‌ದೀಪ್ ಹೋಗಿದ್ದರು. ಎಫ್‌ಬಿಐ ಕೊಡದ ಉತ್ತರ ಅವರಿಗೆ ಬೇಕಿತ್ತು. ಆಮೇಲೆ ಇಬ್ಬರೂ ಜೊತೆಗೂಡಿ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕೆಲಸ ಮಾಡತೊಡಗಿದರು.

ಗುರುದ್ವಾರವನ್ನು ತೊಳೆದು, ರಿಪೇರಿ ಮಾಡಿ, ಕೆಲವೇ ದಿನಗಳಲ್ಲಿ ಮತ್ತೆ ತೆರೆದರು. ಪ್ರಾರ್ಥನಾ ಮಂದಿರದ ಬಾಗಿಲ ಚೌಕಟ್ಟಿನಲ್ಲಿ ಗುಂಡು ಹೊಕ್ಕ ಒಂದು ತೂತನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಅದರ ಕೆಳಗೆ ಒಂದು ಚಿಕ್ಕ ಫಲಕ. 'ನಾವೆಲ್ಲ ಒಂದೇ' ಎಂಬ ಮಾತು, ಆ ದಿನದ ತಾರೀಖು. ಒಳಗೆ ಹೋಗುವ ಪ್ರತಿಯೊಬ್ಬರೂ ಅದರ ಪಕ್ಕದಿಂದಲೇ ಹೋಗುತ್ತಾರೆ.